ನಮಸ್ಕಾರ, ಡಾಲರ್ ಹೆಸರು

ಕಂಪ್ಯೂಟರ್ ಕಲಿಸುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗಿ ಬೆಳಗಿನ ಬಸ್ಸಿಳಿದು ಬಂದು ಬೆಂಚಿನ ಮೇಲೆ ಕೂರುತ್ತದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹುಣಸೂರಿನ ಸೆಂಟರೊಂದರಲ್ಲಿ ನಾನು ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುತ್ತಿದ್ದೆ. ಮೊದಲ ಪಾಠ ಯಾವಾಗಲೂ ಒಂದೇ: ಡಾಲರ್ ಗುರುತು ಹಾಕಿ 'ಹೆಸರು' ಅಂತ ಒಂದು ಡಬ್ಬಿ ಮಾಡಿ, ಅದರೊಳಗೆ ನಿಮ್ಮ ಹೆಸರಿಡಿ. ವಾಕ್ಯದಲ್ಲಿ ಡಬ್ಬಿ ಕೂರಿಸಿದರೆ ಸಾಕು, ಪರದೆ ನಿಮ್ಮನ್ನು ಹೆಸರು ಹಿಡಿದು ಮಾತಾಡಿಸುತ್ತದೆ.

೧

ಪಿರಿಯಾಪಟ್ಟಣ ಕಡೆಯ ಹೊಗೆಸೊಪ್ಪಿನ ರೈತರೊಬ್ಬರು ಕುತೂಹಲಕ್ಕೆ ಸೇರಿದ್ದರು. ಅವರ ಪರದೆ ಮೇಲೆ ಬಂದದ್ದು 'ನಮಸ್ಕಾರ, $ಹೆಸರು'.

"ನನ್ನೆಸ್ರ ನುಂಗ್ಬುಡ್ತಲ್ಲ ಮೇಡಂ!"

"ವಾಕ್ಯದ ಸುತ್ತ ಒಂಟಿ ಕೋಟ್ ಗುರುತು ಹಾಕಿದ್ದೀರಿ, ಬರೆದದ್ದೇ ಬರುತ್ತೆ. ಜೋಡಿ ಕೋಟ್ ಹಾಕಿ, ಡಬ್ಬಿ ಒಳಗಿನದು ಬರುತ್ತೆ."

"ಓ, ನಮ್ ಬೀಗರಂಗೆ ಕಣವ್ವ! ಒಂದ್ಸಲ ಕರುದ್ರೆ ಬರಾಕಿಲ್ಲ."

೨

ಕೆ.ಆರ್. ನಗರದಿಂದ ಮದುವೆಯಾಗಿ ಬಂದ ಹುಡುಗಿಯೊಬ್ಬಳಿದ್ದಳು. ತರಗತಿಗೇ ಚುರುಕು. 'ನನ್ನ ಗಂಡನ ಹೆಸರು' ಅನ್ನುವ ವಾಕ್ಯ ಕೊಟ್ಟ ದಿನ ಮಾತ್ರ ಕೈಕಟ್ಟಿ ಕೂತಳು.

"ಅವ್ರೆಸ್ರ ಎಂಗೆ ಮೇಡಂ ಹೇಳದು?"

"ಹೇಳಬೇಡ, ಟೈಪ್ ಮಾಡು."

"ಟೈಪ್ ಮಾಡುವಾಗ ಮನಸ್ನಲ್ಲಿ ಓದ್ಕಳಲ್ವ?"

ಕೊನೆಗೆ 'ನಮ್ಮನೆಯವರು' ಅಂತ ತುಂಬಿದಳು. ಪಕ್ಕದವಳಿಗೂ ಅದೇ ಹಿತವೆನಿಸಿತು, ಅವಳ ಪಕ್ಕದವಳಿಗೂ. ಸಂಜೆ ನೋಡಿದರೆ ಇಡೀ ಬೆಂಚಿಗೆ ಒಬ್ಬನೇ ಗಂಡ.

೩

ಆ ಕೆ.ಆರ್. ನಗರದ ಹುಡುಗಿಯನ್ನೇ ಕಲಿಸುವ ಕೆಲಸಕ್ಕೆ ತೆಗೆದುಕೊಳ್ಳಲು ಸೆಂಟರಿನ ಓನರನ್ನು ಒಪ್ಪಿಸಿದೆ. ಇನ್ನು ಅವಳ ಮಾವ ಒಪ್ಪಬೇಕಿತ್ತು. ಇಸ್ತ್ರಿ ಪಂಚೆಯುಟ್ಟು ನೋಡಲು ಬಂದರು. ಅವರ ಹೆಸರನ್ನೂ ಬರೆಯಲಾರದ ಸೊಸೆ, ತೋರಿಸಲೆಂದು ಬರೆದ ಪ್ರೋಗ್ರಾಂನ ಡಬ್ಬಿಯೊಳಗೆ 'ಮಾವ' ಅಂತಲೇ ಇಟ್ಟುಬಿಟ್ಟಿದ್ದಳು.

'ನಮಸ್ಕಾರ, ಮಾವ. ಕುಳಿತುಕೊಳ್ಳಿ, ಮಾವ.'

"ಪರ್ವಾಗಿಲ್ವೆ, ಮಿಸೀನ್‌ಗೂ ಮರ್ವಾದೆ ಗೊತ್ತದೆ," ಅಂದರು ಮಾವ. ಮುಕ್ಕಾಲು ಒಪ್ಪಿದಂತೆಯೇ. ಅಷ್ಟಕ್ಕೇ ಬಿಡದೆ, "ಈಗ ಇವರ್ನ ಮಾತಾಡ್ಸು," ಅಂತ ಓನರನ್ನು ತೋರಿಸಿದರು. ಮದುವೆಯಾಗದ ಓನರು ಕ್ರಾಪ್ ಸವರಿಕೊಂಡು ಕೂತ. ಗಾಬರಿಯಲ್ಲಿ ಹುಡುಗಿ ಡಬ್ಬಿ ಬದಲಿಸದೆ ಕೀ ಒತ್ತಿದಳು.

'ನಮಸ್ಕಾರ, ಮಾವ. ಕುಳಿತುಕೊಳ್ಳಿ, ಮಾವ.'

ಮಾವ ಎದ್ದೇಬಿಟ್ಟರು. "ನಡಿಯವ್ವ ಮನೆಗೆ. ಕಂಡೋರ್ನೆಲ್ಲ ಮಾವ ಅನ್ನೋ ಕೆಲ್ಸ ನಮ್ಗೆ ಬ್ಯಾಡ."

ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಮೆಟ್ಟಿಲಲ್ಲಿ ಅವಳು ತಿರುಗಿ, "ಕೂತೋರ್ನೇ ಹೆಸ್ರು ಕೇಳೋ ಸಾಲು ಒಂದು ಪ್ರೋಗ್ರಾಂನಲ್ಲಿ ಬೇಕಿತ್ತು ಮೇಡಂ," ಅಂದಳು. ಸರಿಯಾದ ಉತ್ತರ. ಅಂಥ ಕೈ ನನಗೆ ಮತ್ತೆ ಸಿಗಲೇ ಇಲ್ಲ.

ಮಾರನೇ ದಿನ ಆ ಸಾಲು ಸೇರಿಸಿ, 'ಮಾವ' ಅಳಿಸಿದೆ. ಹಿಂದೆ ನಿಂತು ನೋಡುತ್ತಿದ್ದ ಓನರು ಮುಖ ಸಪ್ಪೆ ಮಾಡಿಕೊಂಡ.

"ಹುಟ್ಟಿದಾಗಿಂದ ನನ್ನ ಯಾರೂ ಮಾವ ಅಂದಿರ್ಲಿಲ್ಲ ಮೇಡಂ. ಅದೊಂದನ್ನಾದ್ರೂ ಉಳಿಸಬಾರದಿತ್ತಾ?"