ಅಂಬಿಗ ಹೊನ್ನನನ್ನು ನಾನು ಮುಳುಗಿಸಿದ್ದು

ಮೇ ೧೪, ಮಂಗಳವಾರ, ಮಧ್ಯಾಹ್ನ ೨ ಗಂಟೆ ೪೦ ನಿಮಿಷ. ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟು ಹೋಯಿತು. ನನ್ನ ಮರ್ಯಾದೆಯೂ ಅದೇ ಹೊತ್ತಿಗೆ ಹೊರಟಿತ್ತು. ಕರೆಂಟು ಒಂದು ಗಂಟೆ ಹತ್ತು ನಿಮಿಷದ ಬಳಿಕ ತಿರುಗಿ ಬಂತು. ಇನ್ನೊಂದು ಇನ್ನೂ ಬಂದಿಲ್ಲ.

ನಮ್ಮ ಮನೆಯ ಹಿಂಭಾಗದಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗಗಳಿವೆ. ಎಡಮನೆಯಲ್ಲಿ ಆರು. ಬಲಮನೆಯಲ್ಲಿ ಎಂಟು. ಎದುರುಮನೆಯವರು ಎಣಿಸಲು ಬಿಟ್ಟಿಲ್ಲ. ಸದ್ದಿನ ಅಂದಾಜಿನ ಮೇಲೆ ಹನ್ನೆರಡು ಎಂದು ಬರೆದುಕೊಂಡಿದ್ದೇನೆ. ಇವೆಲ್ಲ ಓಡುವಾಗ ನಮ್ಮ ಓಣಿಯಲ್ಲಿ ಮಾತು ಎಂದರೆ ಕೈಸನ್ನೆ. ಆದ್ದರಿಂದ ಗಟ್ಟಿಯಾಗಿ ಪುಸ್ತಕ ಓದುವುದಿದ್ದರೆ ಕರೆಂಟು ಹೋಗಬೇಕು.

ನಾನು ಓದುವುದು ಆಯಿಗಾಗಿ. ಆಯಿ ಎಂದರೆ ನಮ್ಮಪ್ಪನ ತಾಯಿ. ಕಣ್ಣು ಮಂಜಾಗಿ ಅಕ್ಷರ ಕಾಣುವುದಿಲ್ಲ. ವಯಸ್ಸು ಕೇಳಿದರೆ "ಎಂಬತ್ತೋ, ಎಂಬತ್ತೆರಡೋ" ಎನ್ನುತ್ತಾಳೆ. ಇಂಥ ಉತ್ತರ ನನಗೆ ಸಹಿಸಲಾಗದು. ಸರಾಸರಿ ತೆಗೆದು ೮೧ ಎಂದು ಬರೆದಿದ್ದೇನೆ.

ಎರಡು ವರ್ಷ ಮೂರು ತಿಂಗಳಲ್ಲಿ ನಾನು ಆಯಿಗೆ 'ಏಳುಹೊಳೆ ನಾಡು' ಎಂಬ ಕಥಾಮಾಲೆಯ ಆರು ಸಂಪುಟಗಳನ್ನು ಓದಿ ಮುಗಿಸಿದೆ. ಪುಟಗಳು ೩,೯೧೨. ಕರೆಂಟು ಹೋದದ್ದು ೩೧೧ ಸಲ. ಸಿಂಹಾಸನಕ್ಕಾಗಿ ಬಡಿದಾಡುವ ಏಳು ರಾಜರು, ಬೆಂಕಿ ಉಗುಳುವ ಗಿಡುಗ, ನೆರಳಿಲ್ಲದ ಮಾಂತ್ರಿಕ, ಎಲ್ಲ ಇರುವ ದೊಡ್ಡ ಕಥೆ.

"ಲೈಟ್ ಹೋತಂದ್ರ ನೇಕಾರ ತೆಲಿ ಮ್ಯಾಲ ಕೈ ಹೊತ್ತ ಕುಂದರತಾನ. ನಮ್ಮ ಮನ್ಯಾಗ ನೋಡ್ರಿ, ಹಬ್ಬ!" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ, ತಾನೂ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ.

ನಮ್ಮ ಇನ್ನೊಬ್ಬ ಖಾಯಂ ಶ್ರೋತೃ ಬಲಮನೆಯ ಪದ್ಮಾ ಕಾಕು. ತೇರದಾಳದಿಂದ ಸೊಸೆಯಾಗಿ ಬಂದವರು. ಜೈನರಾದ್ದರಿಂದ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು. ಸಂಜೆ ಕರೆಂಟು ಹೋದರೆ, ಕಥೆಯೋ ಊಟವೋ ಎಂದು ಅವರಿಗೆ ದೊಡ್ಡ ಸಂಕಟ. ನಾಲ್ಕನೆಯ ಸಂಪುಟದಲ್ಲಿ ದ್ರೋಹಿ ಸೇನಾಪತಿ ಹದಿನೆಂಟು ಪುಟ ಸಾಯುತ್ತ ಬಿದ್ದಾಗ ಅವರು ಎದ್ದು ನಿಂತು, "ಲಗೂನ ಮುಗಸಬೇ ಅವನ್ನ! ಹೊತ್ತ ಮುಳಗಾಕತೈತಿ, ನಾ ಉಣಬೇಕು!" ಎಂದಿದ್ದರು.

ಆಯಿಗೆ ಮಾತ್ರ ರಾಜರು ಬೇಕಾಗಿರಲಿಲ್ಲ. ಅವಳ ಜೀವ ಇದ್ದದ್ದು ಹೊನ್ನ ಎಂಬ ಮುದಿ ಅಂಬಿಗನ ಮೇಲೆ. ಕಥೆಯಲ್ಲಿ ಅವನು ಹೊಳೆ ದಾಟಿಸುವವನು, ಅಷ್ಟೇ. ಸಂಪುಟಕ್ಕೆ ಮೂರು ನಾಲ್ಕು ಸಲ ಬಂದು ಹೋಗುತ್ತಾನೆ. ಆದರೆ ನಾನು ಮಹಾಯುದ್ಧದ ನಟ್ಟನಡುವೆ ಇದ್ದಾಗಲೂ ಆಯಿ ತಡೆದು ಕೇಳುತ್ತಿದ್ದಳು: "ರಾಜಗೋಳು ಬಡದಾಡತಾರ, ಬಿಡು. ಹೊನ್ನಪ್ಪ ಉಂಡನೇನ?"

ಆರನೆಯ ಸಂಪುಟದ ಕೊನೆಯಲ್ಲಿ ಹೊನ್ನ ಅರಮನೆಯ ಮೂವರು ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಮಂಜಿನೊಳಗೆ ಹೋಗುತ್ತಾನೆ. ದಂಡೆಯ ಮೇಲೆ ಅವನ ಚಪ್ಪಲಿಗಳು ಉಳಿದಿರುತ್ತವೆ. ಸಂಪುಟ ಮುಗಿಯಿತು. ನಾನು ಆ ಸಾಲು ಓದಿದ್ದು ಮೇ ೧೪ರಂದು, ೩ ಗಂಟೆ ೨೫ ನಿಮಿಷಕ್ಕೆ.

"ಮುಂದ?" ಎಂದಳು ಆಯಿ.

"ಮುಂದಿಂದು ಏಳನೇದ್ರಾಗ ಐತಿ. ಅದು ಇನ್ನೂ ಬಂದಿಲ್ಲ ಆಯಿ. ಆರನೇದು ಬಂದ ನಾಕ ವರ್ಷ ಆತು."

ಆಯಿ ನನ್ನ ಕಡೆ ತಿರುಗಿದಳು. "ನಾ ಇರೂದ್ರಾಗ ಬರತೈತೇನ ಶೈಲೂ?"

ಈ ಪ್ರಶ್ನೆಗೆ ನನ್ನ ದಿನಚರಿಯಲ್ಲಿ ಅಂಕಣವಿರಲಿಲ್ಲ. ಅಂಥ ಹೊತ್ತಿನಲ್ಲಿ ಬೇರೆಯವರು ಕೈ ಹಿಡಿದುಕೊಳ್ಳುತ್ತಾರೆ. ನಾನು ನೋಟ್‌ಬುಕ್ ಹಿಡಿದುಕೊಂಡೆ.

"ಪುಸ್ತಕ ಯಾಕ ಬೇಕಬೇ ಆಯಿ? ಹೊನ್ನನ ಹಣೆಬರಹ ನಾನ ಹೇಳತೀನಿ!"

ನನ್ನ ಆತ್ಮವಿಶ್ವಾಸಕ್ಕೆ ಆಧಾರವಿತ್ತು. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಓದುಗರದೊಂದು ಮೊಬೈಲ್ ಗುಂಪಿದೆ. ಸದಸ್ಯರು ೧೯. ಏಳನೆಯ ಸಂಪುಟದಲ್ಲಿ ಯಾರಿಗೆ ಏನಾಗುತ್ತದೆ ಎಂಬ ಬಗ್ಗೆ ಅವರು ಮಂಡಿಸಿದ ಸಿದ್ಧಾಂತಗಳು ೬೪. ಆ ಗಿಡುಗವೇ ರಾಣಿಯ ಕಳೆದುಹೋದ ತಮ್ಮ ಎಂದು ಮುಧೋಳದವರೊಬ್ಬರ ವಾದ. ಇಡೀ ಕಥೆ ಒಂದು ಕನಸು ಎಂದು ಬೀಳಗಿಯವರೊಬ್ಬರು ಬರೆದರು. ಅವರ ಜೊತೆ ಈಗ ಯಾರೂ ಮಾತಾಡುತ್ತಿಲ್ಲ. ಇವನ್ನೆಲ್ಲ ತಾರೀಖು ಹಾಕಿ, ಪರ ವಿರೋಧ ಎಣಿಸಿ ಇಡುವವಳು ನಾನು. ಗುಂಪಿನಲ್ಲಿ ನನ್ನ ಮಾತಿಗೆ ತೂಕವಿದೆ.

ನಾನು ಗಂಟಲು ಸರಿಮಾಡಿಕೊಂಡು ಹದಿನಾಲ್ಕು ಸಾಕ್ಷ್ಯಗಳನ್ನು ಓದಿದೆ. ಸಾಕ್ಷ್ಯ ಒಂದು: ಆರು ಸಂಪುಟಗಳಲ್ಲಿ ಮಂಜಿನೊಳಗೆ ಹೋದವರು ೧೧, ತಿರುಗಿ ಬಂದವರು ೨. ಸಾಕ್ಷ್ಯ ನಾಲ್ಕು: ಮೂರನೆಯ ಸಂಪುಟದಲ್ಲೇ ಹೊನ್ನನ ದೋಣಿಯ ಹುಟ್ಟು ಬಿರುಕು ಬಿಟ್ಟಿದೆ. ಸಾಕ್ಷ್ಯ ಒಂಬತ್ತು: ದಂಡೆಯ ಮೇಲೆ ಬಿಟ್ಟ ಚಪ್ಪಲಿ. ಇದು ಎಲ್ಲಕ್ಕಿಂತ ಬಲವಾದದ್ದು. ಎರಡು ನಕ್ಷತ್ರ ಹಾಕಿದ್ದೆ. ಕೊನೆಗೆ ಎದ್ದು ನಿಂತು ತೀರ್ಪು ಕೊಟ್ಟೆ: "ಹೊನ್ನ ಮುಳಗ್ಯಾನ. ನೂರಕ್ಕ ಎಂಬತ್ತೇಳು!"

ಚಪ್ಪಾಳೆ ನಿರೀಕ್ಷಿಸಿದ್ದೆ. ಆಯಿ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದಳು.

"ಇರುವಿ ಸೈತ ತುಳಿಯೂದಿಲ್ಲ ನಾವು," ಎಂದರು ಪದ್ಮಾ ಕಾಕು. "ನೀ ಕುಂತಲ್ಲೇ ಒಂದ ಜೀವಾ ತಗದಿ!"

"ಸೇನಾಪತಿಗೆ ಲಗೂನ ಮುಗಸಂತ ನೀವ ಅಂದಿದ್ರೆಲ್ಲರೀ ಕಾಕು!"

"ಅಂವ ಕೆಟ್ಟಾಂವ ಇದ್ದ!"

ಅಂದಿನಿಂದ ಕರೆಂಟು ಹೋದರೆ ಆಯಿ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಮೊದಲ ಸಂಪುಟದಿಂದ ಮತ್ತೆ ಓದುತ್ತೇನೆ ಎಂದೆ. ಬೇಡ ಎಂದಳು. ಕೊನೆಯಲ್ಲಿ ಮುಳುಗುವವನು ಮೊದಲು ನಗುವುದನ್ನು ಕೇಳಲು ತನ್ನಿಂದ ಆಗದಂತೆ. ಹೀಗೆ ವ್ಯರ್ಥವಾದ ಕರೆಂಟು ಕಡಿತಗಳು ೯. ಎರಡು ವರ್ಷದಲ್ಲಿ ಮೊದಲ ಬಾರಿ ನಮ್ಮ ಮನೆಯಲ್ಲಿ ಎಲ್ಲರೂ ಕರೆಂಟು ಯಾವಾಗ ಬರುತ್ತದೋ ಎಂದು ಕಾದರು.

ಸುಮ್ಮನೆ ಕೂರುವುದು ನನ್ನ ಸ್ವಭಾವವಲ್ಲ. ಲೆಕ್ಕ ಮತ್ತೊಮ್ಮೆ ಪರಿಶೀಲಿಸಿದೆ. ಗೂಬೆಯ ಕೂಗು, ಎಡಗಣ್ಣು ಅದುರಿದ್ದು ಮುಂತಾದ ದುರ್ಬಲ ಸಾಕ್ಷ್ಯ ತೆಗೆದುಹಾಕಿ, ಆಯಿ ರೊಟ್ಟಿ ಬಡಿಯುತ್ತಿದ್ದಾಗ ಹೋಗಿ ವರದಿ ಒಪ್ಪಿಸಿದೆ: "ಆಯಿ, ಛಲೋ ಸುದ್ದಿ! ಹೊನ್ನ ನೂರಕ್ಕ ನಲವತ್ತರಷ್ಟ ಬದುಕ್ಯಾನ!"

ಆಯಿ ಹಂಚಿನಿಂದ ಕಣ್ಣು ಎತ್ತಲಿಲ್ಲ. "ನಲವತ್ತರಷ್ಟ ಬದುಕಿದಾಂವಗ ಎಷ್ಟ ರೊಟ್ಟಿ ಬೇಕಾಗತಾವು? ಹೇಳು, ಬಡೀತೀನಿ."

ಪುಸ್ತಕದ ಪ್ರಕಾಶಕರಿಗೆ ಮೂರು ಪತ್ರ ಬರೆದೆ. ಉತ್ತರ: ಸೊನ್ನೆ.

ಆಗ ನನಗೆ ಆ ವಿಚಾರ ಹೊಳೆಯಿತು. ಈಗ ನೆನೆದರೆ, ಹೊಳೆಯದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಏಳನೆಯ ಸಂಪುಟ ಬರುತ್ತಿಲ್ಲ, ಆಯಿಗೆ ಬೇಕು. ಹಾಗಾದರೆ ನಾನೇ ಬರೆದರಾಯಿತು. ರಾಜರ ಗೊಡವೆ ಬೇಡ. ಹೊನ್ನನನ್ನು ದಡ ಸೇರಿಸಿದರೆ ಸಾಕು.

ಹನ್ನೊಂದು ದಿನ ಬರೆದೆ. ಪುಟಗಳು ೪೬. ಬಸ್ಸು ಹತ್ತಿ ಜಮಖಂಡಿಗೆ ಹೋಗಿ, ಟೈಪು ಮಾಡಿಸಿ, ದಪ್ಪ ರಟ್ಟು ಹಾಕಿಸಿದೆ. ಊರಿನಲ್ಲೇ ಮಾಡಿಸಿದ್ದರೆ ಗುಟ್ಟು ನನಗಿಂತ ಮೊದಲು ಮನೆ ಮುಟ್ಟುತ್ತಿತ್ತು. ಮನೆಗೆ ಬಂದು, "ಆಯಿ, ಏಳನೇದು ಬಂತು!" ಎಂದು ಕೂಗಿದೆ.

ಆಯಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದಳು. "ಸಣ್ಣಾತಲ್ಲ?"

"ಪೇಪರ್ ತುಟ್ಟಿ ಆಗೈತಿ ಆಯಿ."

ಆ ಸುಳ್ಳು ಹೇಳುವಾಗ ನನ್ನ ಕಿವಿ ಬಿಸಿಯಾದದ್ದು ನೆನಪಿದೆ. ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ಅದನ್ನು ನೋಡಿ ಇನ್ನೂ ಬಿಸಿಯಾದವು.

ಜೂನ್ ೬, ಗುರುವಾರ, ಮಧ್ಯಾಹ್ನ ೩ ಗಂಟೆ ೫ ನಿಮಿಷ. ಕರೆಂಟು ಹೋಯಿತು! ಸುದ್ದಿ ಓಣಿಯಲ್ಲಿ ಹರಡಿತ್ತು. ಪದ್ಮಾ ಕಾಕು ಅಂದು ಮಧ್ಯಾಹ್ನವೇ ಎರಡೂ ಹೊತ್ತಿನ ಊಟ ಮುಗಿಸಿಕೊಂಡು ಬಂದಿದ್ದರು. ಮಗ್ಗದ ಕಂಡಿಕೆಗೆ ನೂಲು ಸುತ್ತುವ ಹೆಣ್ಣುಮಕ್ಕಳು ಐವರು. ಅಪ್ಪ ಈ ಸಲ ಬಾಗಿಲ ಮರೆ ಬಿಟ್ಟು ಬಹಿರಂಗವಾಗಿ ಕುಳಿತಿದ್ದ. ನಾನು ಗಂಭೀರವಾಗಿ ಆರಂಭಿಸಿದೆ:

"ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಮಂಜು ಸರಿಯಿತು. ಆರು ಹದಿನೈದಕ್ಕೆ ಹೊನ್ನನ ದೋಣಿ ಆಚೆ ದಡಕ್ಕೆ ತಾಗಿತು. ದೋಣಿಯಲ್ಲಿ ಮಕ್ಕಳು ಮೂರು, ಹುಟ್ಟು ಎರಡು, ಅದರಲ್ಲಿ ಬಿರುಕು ಬಿಟ್ಟದ್ದು ಒಂದು."

"ಬದುಕ್ಯಾನ!" ಎಂದು ಕಾಕು ಆಯಿಯ ಮೊಣಕಾಲು ಹಿಡಿದು ಅಲುಗಿಸಿದರು. ಆಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಉತ್ಸಾಹದಿಂದ ಮುಂದುವರಿದೆ.

"ಮಹಾರಾಣಿಯು ಆರು ಇಪ್ಪತ್ತೆರಡಕ್ಕೆ ಓಡಿಬಂದು ಮೂರು ಸಲ ಅತ್ತಳು. ಮಕ್ಕಳು ತಲಾ ಎರಡು ಸಲ, ಒಟ್ಟು ಆರು. ಬಳಿಕ ಹೊನ್ನನಿಗೆ ನಾಲ್ಕು ಹೋಳಿಗೆ ಬಡಿಸಲಾಯಿತು. ಅವನು ಮೂರೂವರೆ ತಿಂದನು. ಬರಿಗಾಲಲ್ಲಿ ಬಂದಿದ್ದ ಅವನಿಗೆ ಮಹಾರಾಣಿ ಹೊಸ ಚಪ್ಪಲಿ, ಜೊತೆ ಒಂದು, ದಯಪಾಲಿಸಿದಳು."

ಆಯಿ ಕಣ್ಣು ತೆರೆದಳು.

"ಹಳೇ ಚಪ್ಲಿ?"

"ಹಾಂ?"

"ಈಚಿ ದಂಡಿ ಮ್ಯಾಲ ಬಿಟ್ಟ ಹೋಗಿದ್ನಲ್ಲ, ಅವಕ್ಕೇನಾತು?"

ನಾನು ನಲವತ್ತಾರು ಪುಟ ತಿರುವಿದೆ. ಹೋಳಿಗೆಗಳಿದ್ದವು. ಕಣ್ಣೀರಿನ ಮೊತ್ತವಿತ್ತು. ಹಳೆಯ ಚಪ್ಪಲಿ ಇರಲಿಲ್ಲ.

"ಶೈಲೂ," ಎಂದಳು ಆಯಿ, ಬಹಳ ಮೆತ್ತಗೆ. "ಈ ಪುಸ್ತಕ ನೀ ಬರದೀಯಲ್ಲ?"

"ಇಲ್ಲ ಆಯಿ! ಲೇಖಕರು..."

"ಮೂರು ಮಕ್ಕಳು ಜೀವಂತ ಬಂದಾವು. ಹಂತಾದ್ರಾಗ ಗಡಿಯಾರ ಯಾರ ನೋಡತಾರಬೇ? ನಿನ್ನ ಬಿಟ್ಟ?"

ನನ್ನ ಬಳಿ ಒಂದು ಒಳ್ಳೆಯ ಸಮರ್ಥನೆ ಇತ್ತು. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟು ಬಂತು! ಮೂವತ್ತು ಮಗ್ಗಗಳು ಒಮ್ಮೆಲೇ ಎದ್ದವು. ಲಾಳಿಗಳ ಸದ್ದಿನಲ್ಲಿ ನನ್ನ ಸಮರ್ಥನೆ ನನಗೇ ಕೇಳಿಸಲಿಲ್ಲ. ಅವರ ನಗುವೂ ಕೇಳಿಸಲಿಲ್ಲ. ಎಂಟು ಜನರ ಹೊಟ್ಟೆ, ಭುಜ ಅಲುಗುವುದು ಮಾತ್ರ ಕಾಣುತ್ತಿತ್ತು. ಅಪ್ಪ ಗೋಡೆ ಹಿಡಿದುಕೊಂಡಿದ್ದ.

ಮರುದಿನ, ಶುಕ್ರವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷಕ್ಕೆ ಕರೆಂಟು ಹೋದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಆಯಿ ತಾನೇ ಬಂದು ಬೆನ್ನ ಹಿಂದೆ ಕುಳಿತಳು.

"ಸಿಟ್ಟಾಗಬ್ಯಾಡ. ಕೇಳಿಲ್ಲಿ. ನಾ ಮದಿವ್ಯಾಗಿ ಕೃಷ್ಣಾ ಹೊಳಿ ದಾಟಿ ಬರೂಮುಂದ ಇಷ್ಟ ಅತ್ತಿದ್ನಿ, ದೋಣ್ಯಾಗಿನ ನೀರು ಹೊಳೀದೋ ನಂದೋ ಗೊತ್ತಾಗಲಿಲ್ಲ. ದೋಣಿ ಅಂದ ಮ್ಯಾಲ ತಳದಾಗ ನೀರ ಇರತಾವು. ಅದಕ್ಕ ಅಂಬಿಗರು ಚಪ್ಲಿ ದಂಡಿ ಮ್ಯಾಲ ಬಿಟ್ಟ ಬರತಾರ. ನಮ್ಮನ್ನ ದಾಟಸಿದ ಮುದಿ ಅಂಬಿಗ ಮುತ್ಯಾನೂ ಬಿಟ್ಟಿದ್ದ. 'ಮುತ್ಯಾ, ಚಪ್ಲಿ ಮರತೀರಿ' ಅಂದ್ನಿ. 'ಮರತಿಲ್ಲವ್ವಾ, ತಿರುಗಿ ಬರಾಂವ ಇದ್ದೀನಿ, ಅದಕ್ಕ ಬಿಟ್ಟೀನಿ. ಪಂಚಮಿಗೆ ನೀನೂ ತವರಿಗೆ ಬರತಿ, ನಾನ ದಾಟಸತೀನಿ, ಅಳಬ್ಯಾಡ' ಅಂದ."

"ದಾಟಿಸಿದನೇನ?"

"ದಾಟಸಿದ. ದಂಡಿ ಮುಟ್ಟಿದ ಮ್ಯಾಲ ಮೊದಲ ಅವನ ಚಪ್ಲಿ ನೋಡಿದ್ನಿ. ಅಲ್ಲೇ ಇದ್ವು. ಆಮ್ಯಾಲ ನಮ್ಮವ್ವನ್ನ ನೋಡಿದ್ನಿ." ಆಯಿ ನನ್ನ ಜಡೆಯ ಕೂದಲು ನೇವರಿಸಿದಳು. "ಹೋಗೇಬಿಡಾಂವ ಚಪ್ಲಿ ಕಾಲಾಗ ಹಾಕ್ಕೊಂಡ ಹೋಗತಾನ ಶೈಲೂ. ಹೊನ್ನಪ್ಪ ಬರತಾನ. ಏಳನೇದು ನಾ ಇದ್ದಾಗ ಬರಲಿ, ಬಿಡಲಿ. ನಂಗ ಗೊತ್ತೈತಿ."

ನಾನು ಎದ್ದು ನೋಟ್‌ಬುಕ್ ತೆರೆದೆ. ಎರಡು ನಕ್ಷತ್ರದ ಸಾಕ್ಷ್ಯ ಒಂಬತ್ತನ್ನು 'ಮುಳುಗಿದ್ದಾನೆ' ಅಂಕಣದಿಂದ ಹೊಡೆದುಹಾಕಿ 'ಬದುಕಿದ್ದಾನೆ' ಅಂಕಣದಲ್ಲಿ ಬರೆದೆ. ಅರವತ್ತನಾಲ್ಕು ಸಿದ್ಧಾಂತಗಳಿಗೆ ಆಯಿಯದು ಅರವತ್ತೈದನೆಯದಾಗಿ ಸೇರಿತು. ಗುಂಪಿಗೆ ಕಳಿಸಿದೆ. ಹದಿನೆಂಟು ಜನರೂ ಒಪ್ಪಿದರು, ಕನಸಿನವರು ಕೂಡ. ನನ್ನ ಯಾವ ಸಿದ್ಧಾಂತಕ್ಕೂ ಇದುವರೆಗೆ ಒಂಬತ್ತರ ಮೇಲೆ ಮತ ಬಿದ್ದಿಲ್ಲ.

ಆಯಿ ಈಗ ಮತ್ತೆ ಕಥೆ ಕೇಳುತ್ತಿದ್ದಾಳೆ, ಅದೂ ನನ್ನ ಏಳನೆಯ ಸಂಪುಟವನ್ನೇ. "ಹೊನ್ನಪ್ಪ ಉಂಡದ್ದು ಬರದೀಯಲ್ಲ, ಅದ ಛಲೋ ಐತಿ. ಟೈಮು, ಎಣಿಕಿ ಅಷ್ಟ ಬಿಟ್ಟ ಓದು," ಎಂದು ಷರತ್ತು ಹಾಕಿದ್ದಾಳೆ. ಹಾಗೇ ಮಾಡಿದೆ. ಗಂಟೆ, ನಿಮಿಷ, ಮೊತ್ತ ಎಲ್ಲ ತೆಗೆದ ಮೇಲೆ ನನ್ನ ೪೬ ಪುಟಗಳ ಕೃತಿ ೧೧ ಪುಟಕ್ಕೆ ಇಳಿಯಿತು. ಅದರಲ್ಲೂ ನಾಲ್ಕು ಪುಟ ಬರೀ ಹೋಳಿಗೆ!

ಓದುಗರಲ್ಲಿ ಒಂದು ವಿನಂತಿ. 'ಏಳುಹೊಳೆ ನಾಡು' ಏಳನೆಯ ಸಂಪುಟ ಯಾವಾಗ ಬರುತ್ತದೆ ಎಂದು ಯಾರಿಗಾದರೂ ತಿಳಿದಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಹೊನ್ನನ ಸುದ್ದಿ ಒಳ್ಳೆಯದಿದ್ದರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಆಯಿ ತಾನೇ ಓದಲು ಯತ್ನಿಸುತ್ತಾಳೆ. ಕೆಟ್ಟದ್ದಿದ್ದರೆ ಸಣ್ಣ ಅಕ್ಷರದಲ್ಲಿ ಬರೆಯಿರಿ. ಎರಡರಲ್ಲಿ ಯಾವುದಾದರೂ ಸರಿ, ಪತ್ರದ ಮೇಲೆ ದಯವಿಟ್ಟು ತಾರೀಖು, ಗಂಟೆ, ನಿಮಿಷ ಹಾಕಲು ಮರೆಯಬೇಡಿ.