ಗೋಡೆ ದಾಟಿದ ಫೈಲು

ರೋಹಿದಾಸನ ನಾಲಗೆ ಯಾವತ್ತೂ ಅವನಿಗಿಂತ ಒಂದು ಹೆಜ್ಜೆ ಮುಂದೆ. ಗುರುವಾರ ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಆಫೀಸಿನಲ್ಲಿ ಮ್ಯಾನೇಜರ್ ಅಹ್ಮದ್ ಬಾವಾ ಚಹಾ ಕುಡಿಯುತ್ತಾ, "ಗೋಡೌನಿನ ಕಂಪ್ಯೂಟರಲ್ಲಿ ಬರೆದ ಸ್ಟಾಕ್ ಲಿಸ್ಟ್ ಇಲ್ಲಿ ಆಫೀಸಿನ ಕಂಪ್ಯೂಟರಲ್ಲಿ ಕಾಣ್ಬೇಕು. ಅದನ್ನು ಮಾಡ್ಲಿಕ್ಕೆ ಯಾರನ್ನು ಕರೆಸುದು?" ಎಂದು ಯಾರಿಗೆಂದಲ್ಲದೆ ಕೇಳಿದರು. ರೋಹಿದಾಸನ ತಲೆ ಯೋಚಿಸಲು ಶುರುಮಾಡುವಷ್ಟರಲ್ಲಿ ನಾಲಗೆ ಉತ್ತರ ಕೊಟ್ಟು ಮುಗಿಸಿತ್ತು.

"ಕರೆಸುದು ಎಂತಕ್ಕೆ ಸರ್? ನಮ್ಮ ಮನೆಯಲ್ಲಿ ಅದೆಲ್ಲ ನಾನೇ ಮಾಡಿ ಆಗಿದೆ. ಎರಡು ನಿಮಿಷದ ಕೆಲಸ."

ಅವನ ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ ಎಂಬಷ್ಟು ಮಾತ್ರ ಇದರಲ್ಲಿ ನಿಜ. ಅವೆರಡೂ ಪರಸ್ಪರ ಮಾತಾಡಿದ್ದನ್ನು ಯಾರೂ ಕಂಡವರಿಲ್ಲ.

"ಹಾಗೋ? ಹಾಗಾದ್ರೆ ನಾಳೆ ಜುಮಾ ನಮಾಜ್ ಆದ ಮೇಲೆ ಮಹಬೂಲಾಕ್ಕೆ ನಿಮ್ಮ ಮನೆಗೇ ಬರ್ತೇನೆ, ತೋರ್ಸಿ. ಸರಿ ಕಂಡ್ರೆ ಆ ಕುರ್ಚಿಯ ವಿಷಯ ಮಾತಾಡುವ" ಎಂದರು ಅಹ್ಮದ್ ಬಾವಾ.

ಆ ಕುರ್ಚಿ ಎಂದರೆ ಎಂಥ ಕುರ್ಚಿ! ಆಫೀಸಿನ ಎಸಿಯ ಸರಿ ಕೆಳಗೆ ಇರುವಂಥದ್ದು. ಅದರಲ್ಲಿ ಕೂರುತ್ತಿದ್ದವರು ಕುವೈತ್ ಸಾಕೆಂದು ಊರಿಗೆ ಹೋದ ಮೇಲೆ ಖಾಲಿಯೇ ಇತ್ತು. ರೋಹಿದಾಸನ ಜಾಗ ಹಿಂದುಗಡೆಯ ಗೋಡೌನಿನಲ್ಲಿ, ಕಾರಿನ ಬಿಡಿಭಾಗಗಳ ರಾಶಿಯ ನಡುವೆ, ಬಿಸಿಗಾಳಿಯನ್ನೇ ಗಿರಗಿರ ತಿರುಗಿಸುವ ಒಂದು ಫ್ಯಾನಿನ ಕೆಳಗೆ. ಜುಲೈ ತಿಂಗಳಲ್ಲಿ ಅಲ್ಲಿ ಕೂತರೆ ಬಾಣಲೆಯೊಳಗಿನ ಹಪ್ಪಳದ ಕಷ್ಟ ಅರ್ಥವಾಗುತ್ತದೆ. ಸ್ಟಾಕಿನ ಕಾಗದ ಕೊಡಲು ದಿನಕ್ಕೆ ನಾಲ್ಕಾರು ಸಲ ಆಫೀಸಿಗೆ ಹೋಗಬೇಕಿತ್ತಲ್ಲ, ಆಗ ಸಿಗುವ ತಂಪೇ ಅವನ ಪಾಲಿನ ಸ್ವರ್ಗ. ಸರಿಯಾಗಿಯೇ ಇದ್ದ ಕಾಗದಗಳನ್ನು ಅಲ್ಲಿ ನಿಂತು ಮತ್ತೆ ಮತ್ತೆ ಜೋಡಿಸುವುದರಲ್ಲಿ ಅವನು ಪಳಗಿದ್ದ.

ಶುಕ್ರವಾರ ಬೆಳಿಗ್ಗೆ ಎದ್ದವನೇ ಬೆಡ್‌ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ. ಹಾಲಿನ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಇತ್ತು; ಅದರಿಂದ ಇಂಟರ್ನೆಟ್ಟಿನ ರೂಟರಿಗೆ ಒಂದು ನೀಲಿ ವೈರು ನಡೆದಾಡುವ ದಾರಿಗೆ ಅಡ್ಡ ಬಿದ್ದುಕೊಂಡಿತ್ತು. ಲ್ಯಾಪ್‌ಟಾಪಿನಿಂದ ಹಳೆಯ ಕಂಪ್ಯೂಟರನ್ನು ಹುಡುಕಿದ. ಸಿಗಲಿಲ್ಲ. ಮತ್ತೆ ಹುಡುಕಿದಾಗ ಹೆಸರು ಕಂಡಿತು, ಒಳಗೆ ಹೋಗಲು ನೋಡಿದರೆ ಬಿಡಲಿಲ್ಲ. ಕಿಟಕಿಯಲ್ಲಿ ಮುಖ ತೋರಿಸಿ ಬಾಗಿಲು ಮಾತ್ರ ತೆರೆಯದ ನೆಂಟರ ಹಾಗಾಯಿತು.

ಅಹ್ಮದ್ ಬಾವಾರಿಗೆಂದು ಕೋಳಿ ಸಾರು ಇಟ್ಟಿದ್ದ ಹೆಂಡತಿ ವಾರಿಜಾ ಸೌಟು ಹಿಡಿದುಕೊಂಡೇ ಇಣುಕಿದಳು.

"ಒಂದು ಪೆನ್ ಡ್ರೈವಿಗೆ ಹಾಕಿ, ಇಲ್ಲಿಂದ ತೆಗ್ದು ಅಲ್ಲಿ ಚುಚ್ಚಿದ್ರಾಯ್ತಲ್ಲ ಮಾರ್ರೆ?"

"ಕೈಯಲ್ಲಿ ಹಿಡ್ಕೊಂಡು ಹೋಗುದಾದ್ರೆ ನೆಟ್‌ವರ್ಕ್ ಎಂತಕ್ಕೆ? ನಿಂಗದು ಗೊತ್ತಾಗುದಿಲ್ಲ" ಎಂದ ರೋಹಿದಾಸ. ತನಗೆ ಎಲ್ಲವೂ ಗೊತ್ತು ಎಂಬುದರಲ್ಲಿ ಅವನಿಗೆ ಲವಲೇಶವೂ ಸಂಶಯವಿರಲಿಲ್ಲ. ಹಾಗಾಗಿ ರೂಟರನ್ನು ಆರಿಸಿಬಿಟ್ಟ.

ಆ ಬಿಲ್ಡಿಂಗಿನಲ್ಲಿ ಇಂಟರ್ನೆಟ್ಟು ಒಬ್ಬರ ಮನೆಯ ಸೊತ್ತಲ್ಲ. ಒಂದು ಕನೆಕ್ಷನ್ ತೆಗೆದುಕೊಂಡು ಮೂರು ಮನೆಯವರು ಹಂಚಿಕೊಳ್ಳುವುದು ಅಲ್ಲಿನ ರೂಢಿ. ರೂಟರಿನ ದೀಪ ಆರಿದ್ದೇ ತಡ, ಬಾಗಿಲು ಬಡಿದ ಸದ್ದು ಕೇಳಿತು.

"ರೋಹಿಯಣ್ಣ! ಲಾಸ್ಟ್ ಓವರ್!" ಎಂದು ಲುಂಗಿಯಲ್ಲೇ ಓಡಿಬಂದವನು ಕೆಳಗಿನ ಮಹಡಿಯ ಎಸಿ ಮೆಕ್ಯಾನಿಕ್ ಶೈಲೇಶ. ಅವನ ಹಿಂದೆಯೇ ಎದುರು ಮನೆಯ ಉಮ್ಮರ್ ಕುಂಞಿ ಮತ್ತು ಅವರ ಹೆಂಡತಿ ಸುಲೈಖಾ. ಸುಲೈಖಾರ ಕಣ್ಣಲ್ಲಿ ನೀರೇ ಬಂದಿತ್ತು. "ವಿಡಿಯೋ ಕಾಲಲ್ಲಿ ಉಳ್ಳಾಲದ ಮೊಮ್ಮಗು ಎದ್ದು ನಿಂತು ಕಾಲು ಎತ್ತಿತ್ತು. ಇಟ್ಟಿತೋ ಬಿತ್ತೋ ನಂಗೆ ಕಾಣ್ಲಿಲ್ಲ!"

ರೂಟರು ಮತ್ತೆ ಹತ್ತಿತು, ಮೊಮ್ಮಗು ಬೀಳಲಿಲ್ಲ ಎಂಬ ಸುದ್ದಿಯೂ ಬಂತು. ಆದರೆ ಬಂದವರು ಹೋಗಲಿಲ್ಲ. ಕುರ್ಚಿಯ ವಿಷಯ ಕೇಳಿದ ಮೇಲೆ ಸಹಾಯ ಮಾಡದೆ ಹೋಗುವುದು ಹೇಗೆ?

"ಒಳಗೆ ಧೂಳು ತುಂಬಿದೆ" ಎಂದು ಶೈಲೇಶ ಹಾಲಿನ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಮನೆಯಿಂದ ತಂದ ಬ್ಲೋವರ್ ಹಿಡಿದ. ಕಳೆದ ಮರಳುಗಾಳಿಯ ಧೂಳೆಲ್ಲ ಹಾರಿ ವಾರಿಜಾ ಬಿಡಿಸಿಟ್ಟ ರೊಟ್ಟಿಯ ಮೇಲೆ ಕೂತಿತು. "ನೋಡಿ, ಮಿಷನ್ ಎಷ್ಟು ಬಿಸಿ! ಇದನ್ನು ತಣ್ಣಗಿಡ್ಬೇಕು ರೋಹಿಯಣ್ಣ, ಇಲ್ಲದಿದ್ರೆ ಕೈ ಕೊಡ್ತದೆ." ಆ ಮಾತು ರೋಹಿದಾಸನಿಗೆ ಬಹಳ ಹಿಡಿಸಿತು. ಮಿಷನಿಗೆ ಎಸಿ ಬೇಕೆಂದಾದರೆ, ಅದನ್ನು ನೋಡಿಕೊಳ್ಳುವವನನ್ನು ಹೊರಗೆ ಕೂರಿಸಲಾಗುತ್ತದೆಯೇ?

ಉಮ್ಮರ್ ಕುಂಞಿಯವರದು ಬಿಲ್ಡಿಂಗಿನ ಕೆಳಗೆ ದಿನಸಿ ಅಂಗಡಿ. ಅವರು ಅಂಗಡಿಯ ಲೆಕ್ಕದಲ್ಲೇ ಮಾತಾಡಿದರು. "ಶಟರ್ ಎಳ್ದಿಟ್ಟು ಗಿರಾಕಿ ಬರುದಿಲ್ಲ ಅಂದ್ರೆ ಹೇಗೆ? ಎಲ್ಲ ತೆಗ್ದಿಡಿ."

"ಉಮ್ಮರಾಕ, ಅದನ್ನೇ ಮಾಡ್ಲಿಕ್ಕೆ ಹೊರಟದ್ದು ನಾನು" ಎಂದು ರೋಹಿದಾಸ ಕಂಪ್ಯೂಟರಿನ ಕಾವಲಿಗಿದ್ದ ಫೈರ್‌ವಾಲ್ ತೆಗೆದ, ಪಾಸ್‌ವರ್ಡ್ ತೆಗೆದ, ತೆಗೆಯಲು ಸಿಕ್ಕಿದ್ದನ್ನೆಲ್ಲ ತೆಗೆದ. ಪರದೆಯ ಮೇಲೆ, ಇದೇ ಹೆಸರಿನ ಇನ್ನೊಂದು ಕಂಪ್ಯೂಟರ್ ಈ ನೆಟ್‌ವರ್ಕಿನಲ್ಲಿ ಇದೆ ಎಂಬ ಸೂಚನೆ ಬಂತು. ಅದು ಬೆಳಗಿನಿಂದ ಬರುತ್ತಲೇ ಇತ್ತು, ಅವನು ಓಕೆ ಒತ್ತುತ್ತಲೇ ಇದ್ದ. ಓಕೆ ಒತ್ತುವ ಮೊದಲು ಓದುವ ಅಭ್ಯಾಸ ಅವನಿಗಿರಲಿಲ್ಲ.

ಅಷ್ಟರಲ್ಲಿ ಮಸೀದಿಗೆ ಹೊತ್ತಾಯಿತೆಂದು ಉಮ್ಮರ್ ಕುಂಞಿ ಎದ್ದರು, ಎಲ್ಲರೂ ಚದುರಿದರು. ರೋಹಿದಾಸ ಒಬ್ಬನೇ ಲ್ಯಾಪ್‌ಟಾಪಿನ ಮುಂದೆ ಬೆವರುತ್ತ ಕೂತ. ಎಸಿ ಇದ್ದರೂ ಬೆವರಬಹುದೆಂದು ಅವತ್ತು ಅವನಿಗೆ ತಿಳಿಯಿತು. ಹಾಲಿನಲ್ಲಿ ವಾರಿಜಾ, "ಬಂದವರು ಎಡವಿ ಬಿದ್ರೆ ನನ್ನ ಮರ್ಯಾದೆ ಹೋಗುದು" ಎಂದು ಗೊಣಗುತ್ತಾ ಆ ನೀಲಿ ವೈರನ್ನು ಕಿತ್ತು ಸುರುಳಿ ಸುತ್ತಿ ಸೋಫಾದ ಹಿಂದೆ ಹಾಕಿದಳು.

ಆ ಕ್ಷಣವೇ ಲ್ಯಾಪ್‌ಟಾಪಿನಲ್ಲಿ ಆ ಹೆಸರಿನ ಕಂಪ್ಯೂಟರಿನ ಡೆಸ್ಕ್‌ಟಾಪ್ ಫೋಲ್ಡರ್ ತೆರೆದುಕೊಂಡಿತು.

"ಆಯ್ತು! ನಾನು ಹೇಳ್ಲಿಲ್ವಾ?" ಎಂದು ರೋಹಿದಾಸ ಮಂಚದ ಮೇಲೆ ಹತ್ತಿ ಕುಣಿದ. ಏನು ಮಾಡಿದ್ದರಿಂದ ಆಯಿತೆಂದು ಯೋಚಿಸುವ ಗೋಜಿಗೆ ಹೋಗಲಿಲ್ಲ. ತಾನು ಮಾಡಿದ್ದರಿಂದ ಆಯಿತು, ಅಷ್ಟೇ.

ಅಹ್ಮದ್ ಬಾವಾ ಬಂದರು. ರೋಹಿದಾಸ ಅವರನ್ನು ನೇರವಾಗಿ ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಒಂದು ಹೊಸ ಫೈಲಿಗೆ 'ಅಹ್ಮದ್ ಬಾವಾ ಸಾಹೇಬರಿಗೆ ಸ್ವಾಗತ' ಎಂದು ಹೆಸರಿಟ್ಟು ಆ ಫೋಲ್ಡರಿಗೆ ಹಾಕಿದ.

"ಈಗ ಹಾಲಿಗೆ ಬನ್ನಿ ಸರ್. ಅಲ್ಲಿ ಪರದೆಯ ಮೇಲೆ ಬಂದು ಕೂತಿರ್ತದೆ. ಒಂದೇ ಸರ್, ಫೈಲು ಬಂದು ಸೇರುವ ಮಿಷನನ್ನು ಮಾತ್ರ ಎಸಿಯಲ್ಲೇ ಇಡ್ಬೇಕು. ಬಿಸಿಯಲ್ಲಿ ಇಟ್ರೆ ಖಲಾಸ್."

"ಹೌದಾ? ಅದು ಒಳ್ಳೆ ಮಾತು" ಎಂದು ಅಹ್ಮದ್ ಬಾವಾ ತಲೆಯಾಡಿಸಿದರು.

ಹಾಲಿನ ಪರದೆಯ ಮೇಲೆ ರೋಹಿದಾಸ ಮತ್ತು ವಾರಿಜಾರ ಮದುವೆಯ ಫೋಟೋ ಇತ್ತು. ಫೈಲು ಇರಲಿಲ್ಲ. ರೋಹಿದಾಸ ಮೌಸನ್ನು ಅಲ್ಲಾಡಿಸಿದ, ಪರದೆಯನ್ನು ಒರೆಸಿದ, ಮೆಲ್ಲಗೆ ಬೆನ್ನು ತಟ್ಟಿಯೂ ನೋಡಿದ. ಫೋಟೋದ ಮದುಮಗ ಮಾತ್ರ ನಗುತ್ತಲೇ ಇದ್ದ. ಎಸಿಯ ಕೆಳಗಿನ ಕುರ್ಚಿ ದೂರ ದೂರ ಸರಿಯುತ್ತಿರುವುದು ಅವನ ಕಣ್ಣಿಗೆ ಕಟ್ಟಿತು.

ಆಗ ಬಾಗಿಲು ತಳ್ಳಿಕೊಂಡು ಸುಲೈಖಾ ಬಂದರು. "ರೋಹಿದಾಸಣ್ಣ, ಅಹ್ಮದ್ ಬಾವಾ ಸಾಹೇಬರಿಗೆ ಸ್ವಾಗತ ಅಂತ ನಮ್ಮ ಕಂಪ್ಯೂಟರಲ್ಲಿ ಬಂದಿದೆ. ನಿಮ್ಮ ಮೂಗಿನ ಮೇಲೇ ಕೂತಿದೆ. ಯಾರವ್ರು? ನಮ್ಮಲ್ಲಿಗೂ ಬರ್ತಾರಾ? ಚಾ ಇಡ್ಲಾ?"

ನಡೆದದ್ದು ಇಷ್ಟು. ಹಿಂದೆ ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನು ಎಸೆದಾಗ ರೋಹಿದಾಸ ತನಗೊಂದು, ಉಮ್ಮರ್ ಕುಂಞಿಯವರಿಗೊಂದು ಎತ್ತಿಕೊಂಡು ಬಂದಿದ್ದ. ಎರಡನೆಯದನ್ನು ಮೊದಲಿನಿಂದ ಸಿದ್ಧಮಾಡುವ ಉದಾಸೀನಕ್ಕೆ ತನ್ನದನ್ನೇ ಇದ್ದ ಹಾಗೆ ಪ್ರತಿ ಮಾಡಿ ಅದಕ್ಕೆ ತುಂಬಿದ್ದ. ಕಂಪ್ಯೂಟರಿನ ಹೆಸರು, ಎಲ್ಲರಿಗೂ ತೆರೆದಿಟ್ಟ ಫೋಲ್ಡರು, ಕೊನೆಗೆ ಮದುವೆಯ ಫೋಟೋ ಕೂಡ ಎದುರು ಮನೆ ಸೇರಿದ್ದವು. ಸುಲೈಖಾ ಮೊಮ್ಮಗುವನ್ನು ನೋಡುವ ಮೊದಲು ದಿನಾ ಈ ಮದುಮಕ್ಕಳ ಮುಖ ನೋಡುತ್ತಿದ್ದರು. ಒಂದೇ ಹೆಸರಿನ ಎರಡು ಇದ್ದಾಗ ಲ್ಯಾಪ್‌ಟಾಪಿಗೆ ಗಲಿಬಿಲಿ. ವಾರಿಜಾ ಹಾಲಿನದರ ವೈರು ಕಿತ್ತದ್ದರಿಂದ ಎದುರು ಮನೆಯದ್ದು ಬಾಗಿಲು ತೆರೆದಿತ್ತು.

ರೋಹಿದಾಸನಿಗೆ ಎಲ್ಲ ಹೊಳೆಯಿತು. ಆದರೆ ನಾಲಗೆ ಎಂದಿನಂತೆ ಮುಂದೆ ಹೋಗಿಯಾಗಿತ್ತು.

"ಬೇಕಂತಲೇ ಆಚೆ ಮನೆಗೆ ಕಳ್ಸಿದ್ದು ಸರ್. ರೂಮಿಂದ ಹಾಲಿಗೆ ಯಾರು ಬೇಕಾದ್ರೂ ಕಳಿಸ್ತಾರೆ, ಅದ್ರಲ್ಲಿ ಎಂತ ಉಂಟು?"

ಅಹ್ಮದ್ ಬಾವಾ ಎದುರು ಮನೆಗೆ ಹೋಗಿ ಕಣ್ಣಾರೆ ಕಂಡರು. ಮದುಮಗನ ಮೂಗಿನ ಮೇಲೆ ತಮ್ಮ ಹೆಸರಿತ್ತು. "ಮಾಶಾಅಲ್ಲಾಹ್! ಗೋಡೆ ದಾಟಿ, ಕಾರಿಡಾರ್ ದಾಟಿ, ಬೇರೆಯವರ ಮನೆಗೆ! ಇಷ್ಟು ದೂರ ಹೋಗ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ." ಅಲ್ಲಿ ಚಹಾ ಕುಡಿದರು, ಇಲ್ಲಿ ಕೋಳಿ ರೊಟ್ಟಿ ತಿಂದರು, ರೊಟ್ಟಿ ಸ್ವಲ್ಪ ಮರಳುಮರಳಾಗಿದೆ ಎಂದೂ ಹೇಳಲಿಲ್ಲ. ಹೊರಡುವಾಗ ರೋಹಿದಾಸನೇ ಮೆಲ್ಲಗೆ ನೆನಪಿಸಿದ.

"ಸರ್, ಆ ಕುರ್ಚಿ..."

"ಹಾಂ, ಕುರ್ಚಿ. ಅದನ್ನು ನಾಡಿದ್ದೇ ತೆಗೆಸ್ತೇನೆ. ಮಿಷನಿಗೆ ಎಸಿ ಬೇಕು ಅಂದ್ರಲ್ಲ, ಅಲ್ಲೊಂದು ಮೇಜು ಹಾಕಿ ಆಫೀಸಿನ ಮಿಷನನ್ನು ಇಡುವ" ಎಂದು ಅಹ್ಮದ್ ಬಾವಾ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ನಿಮ್ಮನ್ನು ಒಳಗೆ ಕೂರಿಸ್ಬೇಕು ಅಂತಲೇ ಇದ್ದೆ. ಆದ್ರೆ ಫೈಲು ಗೋಡೆ ದಾಟಿ ಬರುವಾಗ ಮನುಷ್ಯ ಎಂತಕ್ಕೆ? ಗೋಡೌನಿನಲ್ಲೇ ಕೂತು ಕಳ್ಸಿ, ನಂಗೆ ಆಫೀಸಲ್ಲಿ ಸಿಗ್ತದೆ. ಇನ್ನು ನೀವು ಕಾಗದ ಹಿಡ್ಕೊಂಡು ಬಿಸಿಲಲ್ಲಿ ಆಫೀಸಿಗೆ ಬರುದೇ ಬೇಡ."

ಲಿಫ್ಟು ಅವರನ್ನು ಕರೆದುಕೊಂಡು ಕೆಳಗಿಳಿಯಿತು. ರೋಹಿದಾಸ ಒಳಗೆ ಬಂದು ಮನೆಯ ಎಸಿಯ ಸರಿ ಕೆಳಗೆ ಹೋಗಿ ನಿಂತ. ಹಿಂದಿನಿಂದ ವಾರಿಜಾಳ ದನಿ ಕೇಳಿಸಿತು.

"ಪೆನ್ ಡ್ರೈವ್ ಆಗಿದ್ರೆ ಕೊಡ್ಲಿಕ್ಕಾದ್ರೂ ಆಫೀಸಿಗೆ ಹೋಗ್ಬಹುದಿತ್ತು ಮಾರ್ರೆ."