ಮೊದಲ ಅತಿಥಿಯ ಮರ್ಯಾದೆ

ಪುಟ್ಟರಾಜುವಿನ ಕಷ್ಟಕ್ಕೆಲ್ಲ ಅವನ ಮೀಸೆಯೇ ಕಾರಣ. ಸಣ್ಣಪುಟ್ಟ ಮೀಸೆಯಲ್ಲ ಅದು. ಕೆನ್ನೆಯ ತನಕ ಹಬ್ಬಿ, ಅಲ್ಲಿಂದ ಮೇಲಕ್ಕೆ ತಿರುಗಿ, ಈತ ಯಾವುದೋ ಕಾಲದಲ್ಲಿ ಹುಲಿ ಹೊಡೆದಿರಬೇಕು ಎಂದು ನೋಡಿದವರು ಅಂದುಕೊಳ್ಳುವಂಥ ಮೀಸೆ. ಆದರೆ ಆ ಮೀಸೆಯ ಹಿಂದೆ ಇದ್ದ ಪುಟ್ಟರಾಜುವಿಗೆ ಎತ್ತರವೆಂದರೆ ಜೀವಭಯ. ಮನೆಯಲ್ಲಿ ಬಲ್ಬು ಕೆಟ್ಟರೆ ಸ್ಟೂಲು ಹತ್ತುತ್ತಿದ್ದವಳು ಹೆಂಡತಿ ಅನಸೂಯಮ್ಮ. ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದವನು ಅವನು. ಈ ಗುಟ್ಟು ಆಕೆಯೊಬ್ಬಳಿಗೇ ಗೊತ್ತಿತ್ತು.

ಹಳ್ಳಿಮೈಸೂರಿನ ಈ ಪುಟ್ಟರಾಜು ಬಾಗೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ. ಕೆಲಸ, ಚನ್ನರಾಯಪಟ್ಟಣದಿಂದ ಬಾಗೂರಿಗೆ ಹೋಗುವ ದಾರಿಯಲ್ಲಿದ್ದ ‘ಮೋಜುವನ’ ಎಂಬ ಥೀಮ್ ಪಾರ್ಕಿನ ಗೇಟಿನಲ್ಲಿ. ಬೆಳಿಗ್ಗೆ ಬೀಗ ತೆಗೆಯುವುದು, ಟಿಕೆಟ್ ಹರಿಯುವುದು, ತಳ್ಳಬೇಡಿ, ಸಾಲಾಗಿ ಬನ್ನಿ ಎಂದು ಗದರುವುದು. ಬಂದವರಿಗೆ ಇಷ್ಟು ವರ್ಷ ಸಿಗುತ್ತಿದ್ದ ಸ್ವಾಗತ ಅದೊಂದೇ. ಅದರ ಬಗ್ಗೆ ಯಾರೂ ದೂರು ಹೇಳಿರಲಿಲ್ಲ.

ಆದರೆ ಹೊಸ ಮ್ಯಾನೇಜರ್ ಶಶಿಕಿರಣ್‌ಗೆ ಅದು ಸಾಲಲಿಲ್ಲ. ಹಾಸನದ ಹುಡುಗ, ಎಲ್ಲೋ ದೊಡ್ಡ ಹೋಟೆಲಿನಲ್ಲಿ ಮರ್ಯಾದೆ ಮಾಡುವುದನ್ನೇ ಓದಿಕೊಂಡು ಬಂದಿದ್ದ. ಒಂದು ದಿನ ಸಂಜೆ ಎಲ್ಲರನ್ನೂ ಕರೆದು, ನಾಳೆಯಿಂದ ಸ್ವಾಗತದ ರೀತಿಯೇ ಬೇರೆ ಎಂದು ಹೇಳಿದ. ಗೇಟು ತೆಗೆಯುವ ಮೊದಲು ಸ್ಪೀಕರಿನಲ್ಲಿ ನಾಗಸ್ವರ. ಬಂದವರಿಗೆಲ್ಲ ಪನ್ನೀರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವರು ದಿನದ ಮೊದಲ ಅತಿಥಿ. ಅವರಿಗೆ ಮೈಸೂರು ಪೇಟ, ಹಾರ. ಗಂಟೆ ಬಾರಿಸಿ ಪಾರ್ಕು ತೆರೆಯುವವರೂ ಅವರೇ. ಆಮೇಲೆ ಅವರು ತಮಗೆ ಬೇಕಾದ ಒಂದು ಆಟದ ಹೆಸರು ಹೇಳಬೇಕು. ಪಾರ್ಕಿನ ಪರವಾಗಿ ಒಬ್ಬ ಯಜಮಾನ ಅವರ ಪಕ್ಕದಲ್ಲಿ ಕೂತು ಆ ಆಟ ಆಡಿ ಬರಬೇಕು. ಇದನ್ನೆಲ್ಲ ವಿಡಿಯೋ ತೆಗೆದು ದಿನಾ ಊರಿಗೆಲ್ಲ ತೋರಿಸುವುದು.

ಆ ಯಜಮಾನ ಯಾರು ಎಂದು ಯಾರೋ ಕೇಳಿದರು. ಶಶಿಕಿರಣ್ ಸುತ್ತ ಕಣ್ಣಾಡಿಸಿದ. ಕಣ್ಣು ಮೀಸೆಯ ಮೇಲೆ ಬಂದು ನಿಂತಿತು.

ತನ್ನ ಕಥೆ ಮುಗಿಯಿತು ಎಂದು ಪುಟ್ಟರಾಜುವಿಗೆ ಆಗಲೇ ಗೊತ್ತಾಯಿತು. ಯಾಕೆಂದರೆ ಮೋಜುವನಕ್ಕೆ ಯುಗಾದಿಯ ಹೊತ್ತಿಗೆ ಒಂದು ಹೊಸ ಆಟ ಬಂದಿತ್ತು. ಹೆಸರು ಗರುಡಗಂಬ. ಜನರನ್ನು ಕುರ್ಚಿಗೆ ಬಿಗಿದು, ನಿಧಾನವಾಗಿ ಕಂಬದ ತುದಿಗೆ ಎತ್ತಿ, ಅಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸಿ, ಆಮೇಲೆ ಕೈಬಿಟ್ಟುಬಿಡುವ ಯಂತ್ರ ಅದು. ಅರಕಲಗೂಡು, ಹೊಳೆನರಸೀಪುರದಿಂದೆಲ್ಲ ಜನ ಬರುತ್ತಿದ್ದುದೇ ಅದಕ್ಕಾಗಿ. ಮೊದಲ ಅತಿಥಿ ಬೇರೆ ಏನು ಕೇಳುತ್ತಾನೆ? ಆಗುವುದಿಲ್ಲ ಎಂದು ಪುಟ್ಟರಾಜು ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದರು. ಅಷ್ಟೂ ಜನರ ಮುಂದೆ, ಅಂಥ ಮೀಸೆ ಇಟ್ಟುಕೊಂಡು, ಭಯ ಎಂದು ಹೇಳುವುದಕ್ಕಿಂತ ಸಾಯುವುದೇ ವಾಸಿ ಅನ್ನಿಸಿ ಅವನು ಸುಮ್ಮನೆ ತಲೆಯಾಡಿಸಿದ.

ಮನೆಯಲ್ಲಿ ಅನಸೂಯಮ್ಮ ಎರಡು ದಾರಿ ತೋರಿಸಿದಳು. ಇದ್ದದ್ದು ಇದ್ದ ಹಾಗೆ ಹೇಳುವುದು, ಇಲ್ಲವೇ ಮೀಸೆ ಬೋಳಿಸುವುದು. ಎರಡೂ ಅವನಿಗೆ ಒಂದೇ ಅನ್ನಿಸಿತು. ಆಗ ಪಡಸಾಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ ಮನೆ ಮಾಲೀಕ ಪರಮಶಿವಯ್ಯ ಕಣ್ಣಿಗೆ ಬಿದ್ದರು. ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದ ಹಿರಿಯರು. ಬಿಪಿ, ಶುಗರ್, ಮಂಡಿನೋವು ಎಲ್ಲ ಇತ್ತು. ಅರವತ್ತು ದಾಟಿದವರನ್ನು ಗರುಡಗಂಬ ಹತ್ತಿಸುವಂತಿಲ್ಲ ಎಂದು ಬೋರ್ಡೇ ಇದೆ. ಇವರನ್ನು ಸಾಲಿನ ಮುಂದೆ ನಿಲ್ಲಿಸಿದರೆ ಪುಟಾಣಿ ರೈಲಲ್ಲದೆ ಬೇರೆ ಗತಿಯಿಲ್ಲ. ಪುಟ್ಟರಾಜು ಹೋಗಿ ಪೇಟ, ಹಾರ, ಪನ್ನೀರಿನ ವಿಷಯ ಬಣ್ಣಿಸಿದ. ಆಟ ಯಾವುದು ಅಂದರೆ ರೈಲು ಅನ್ನಿ ಎಂದು ಮೂರು ಸಲ ಹೇಳಿಕೊಟ್ಟ. ಪರಮಶಿವಯ್ಯನವರು ಪೇಟದ ಬಣ್ಣ ಯಾವುದು ಎಂದಷ್ಟೇ ಕೇಳಿದರು.

ಬೆಳಿಗ್ಗೆ ಹೊಸ ಪಂಚೆ, ಹೆಗಲ ಮೇಲೆ ಶಲ್ಯ, ಹಣೆ ತುಂಬ ವಿಭೂತಿಯ ಪರಮಶಿವಯ್ಯನವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪುಟ್ಟರಾಜು ಬೇಗನೆ ಬಂದ. ಬಂದರೆ ಗೇಟಿನ ಮುಂದೆ ಆಗಲೇ ಸಾಲಿತ್ತು. ಎಲ್ಲರಿಗಿಂತ ಮುಂದೆ ಅರಕಲಗೂಡಿನ ರಜನೀಶ್ ಎಂಬಾತ, ಗರಡಿ ಆಳಿನಂಥ ಮೈಕಟ್ಟು; ಕೈ ಹಿಡಿದು ನಿಂತಿದ್ದ ಸಣ್ಣ ಮಗಳು ಮಾನ್ಯ. ಅವರ ಹಿಂದೆ ಹಾಸನದಿಂದ ಬೈಕಿನಲ್ಲಿ ಬಂದ ಹುಡುಗರ ದಂಡು. ರಜನೀಶ್ ಗರುಡಗಂಬದ ಫೋಟೋದ ಮೇಲೆ ಫೋಟೋ ತೆಗೆಯುತ್ತಿದ್ದ. ಅದನ್ನು ನೋಡಿದ ಪುಟ್ಟರಾಜುವಿಗೆ, ಇವನ ಪಕ್ಕದಲ್ಲೇ ತನ್ನನ್ನು ಬಿಗಿಯುತ್ತಾರೆ ಎಂದು ಖಾತ್ರಿಯಾಯಿತು.

ಅವನು ಹತ್ತಿರ ಹೋಗಿ, ಇವರು ವಯಸ್ಸಾದವರು, ಮಂಡಿನೋವು, ಬಿಸಿಲಿನಲ್ಲಿ ನಿಲ್ಲಲಾರರು ಎಂದು ಶುರು ಮಾಡಿದ. ಪೂರ್ತಿ ಹೇಳುವುದೇ ಬೇಕಾಗಲಿಲ್ಲ.

"ಬುಡಿ ಅಣ್ಣ, ದೊಡ್ಡೋರು ಮುಂದೆ ನಿಂತ್ಕಳ್ಳಲಿ. ನಮಗೇನು ಅರ್ಜೆಂಟು," ಎಂದು ರಜನೀಶ್ ಹಿಂದೆ ಸರಿದ. ಮಗುವಿನ ಮುಖ ಮಾತ್ರ ಸಣ್ಣದಾಯಿತು. ಅವಳು ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು; ಅಪ್ಪ ಸುಮ್ಮನಿರು ಎಂದ. ಅದೇನು ಎಂದು ಕೇಳುವ ವ್ಯವಧಾನ ಪುಟ್ಟರಾಜುವಿಗೆ ಇರಲಿಲ್ಲ.

ಅವನು ಒಳಗೆ ಹೋಗಿ ಯಜಮಾನನ ಜರಿ ಶಲ್ಯ ಹೊದ್ದುಕೊಂಡ. ಟಿಕೆಟ್ ಕೌಂಟರಿನ ಪ್ರೇಮಕುಮಾರಿ ಅವನ ಬೆವರು ನೋಡಿ, ಇದು ದೃಷ್ಟಿಯೇ ಎಂದು ತೀರ್ಮಾನಿಸಿ, ಬೇಡವೆಂದರೂ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟು ಜೇಬಿಗೆ ನಿಂಬೆಹಣ್ಣು ತುರುಕಿದಳು. ಗರುಡಗಂಬ ನಡೆಸುವ ದೇವರಾಜ್ ಅಷ್ಟಕ್ಕೇ ಬಿಡಲಿಲ್ಲ.

"ತುದೀಗೋದ್ರೆ ಗೊಮ್ಮಟನ ಬೆಟ್ಟ ಕಾಣ್ತದೆ ಕಣ್ಲಾ. ಬೀಳೋವಾಗ ಮಾತ್ರ ಏನೂ ಕಾಣಕಿಲ್ಲ," ಎಂದ. ನಿನ್ನೆ ಪರೀಕ್ಷೆಗೆಂದು ಮರಳು ಮೂಟೆ ಕೂರಿಸಿ ಬಿಟ್ಟಾಗ ಒಂದು ಮೂಟೆ ಒಡೆದೇ ಹೋಯಿತೆಂದೂ, ಮೂಟೆ ಹಳೆಯದಿರಬೇಕೆಂದೂ ಸೇರಿಸಿದ. ಪುಟ್ಟರಾಜು ರೈಲು, ರೈಲು ಎಂದು ಮನಸ್ಸಿನಲ್ಲೇ ಜಪಿಸುತ್ತ ಗೇಟಿಗೆ ಬಂದ.

ಸಾಲಿನ ಮುಂದೆ ಪರಮಶಿವಯ್ಯನವರಿರಲಿಲ್ಲ. ಕಾಫಿ ಹುಡುಕಿಕೊಂಡು ಹೋಗಿದ್ದರು. ಆ ಜಾಗದಲ್ಲಿ, ರಜನೀಶ್‌ನನ್ನೂ ದಾಟಿ ಬಂದ ಹಾಸನದ ಹುಡುಗನೊಬ್ಬ ಕಂಬ ನೋಡುತ್ತ ಶೂ ಲೇಸು ಬಿಗಿದುಕೊಳ್ಳುತ್ತಿದ್ದ. ಪುಟ್ಟರಾಜು ಶಲ್ಯ ಎತ್ತಿ ಕಟ್ಟಿಕೊಂಡು ರಸ್ತೆಯಾಚೆಯ ಕಾಫಿ ಅಂಗಡಿಗೆ ಓಡಿದ. ಅಲ್ಲಿಲ್ಲ. ವಾಪಸು ಓಡಿ ಬಂದರೆ, ಪರಮಶಿವಯ್ಯನವರನ್ನು ಪ್ರೇಮಕುಮಾರಿ ಆಗಲೇ ಕರೆತಂದು, ಕನಿಕರಪಟ್ಟು, ಸಾಲಿನ ಕಟ್ಟಕಡೆಯಲ್ಲಿ ಹೊಂಗೆ ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದಳು. ಆ ಹೊತ್ತಿಗೆ ಸರಿಯಾಗಿ ನಾಗಸ್ವರ ಶುರುವಾಯಿತು. ಪುಟ್ಟರಾಜು ಕುರ್ಚಿಯನ್ನು ಪರಮಶಿವಯ್ಯನವರ ಸಮೇತ ಎತ್ತಿಕೊಂಡು ಸಾಲಿನ ಉದ್ದಕ್ಕೂ ನಡೆದು ಎಲ್ಲರಿಗಿಂತ ಮುಂದೆ ಇಟ್ಟ. ಎಂಥ ಶಕ್ತಿ, ಎಂಥ ಭಕ್ತಿ ಎಂದು ಜನ ಚಪ್ಪಾಳೆ ತಟ್ಟಿದರು. ಭಯದಲ್ಲಿ ಮನುಷ್ಯನಿಗೆ ಎಷ್ಟು ಬಲ ಬರುತ್ತದೆಂದು ಅವರಿಗೇನು ಗೊತ್ತು.

ಶಶಿಕಿರಣ್ ಬಂದು ಪೇಟ ತೊಡಿಸಿ ಹಾರ ಹಾಕಿದ. ಪರಮಶಿವಯ್ಯನವರು ಮದುವೆ ಗಂಡಿನ ಹಾಗೆ ನೆಟ್ಟಗೆ ಎದ್ದು ನಿಂತು, ಗಂಟೆ ಬಾರಿಸಿದರು. ಸುತ್ತ ಫೋನುಗಳು ಮೇಲೆದ್ದವು. ಅಷ್ಟೂ ಫೋನುಗಳನ್ನು ಅವರು ಒಮ್ಮೆ ನೋಡಿದರು. ಯಾವ ಆಟ ಬೇಕು ಎಂದು ಶಶಿಕಿರಣ್ ಕೇಳಿದ.

"ಪೇಟ ಹಾಕ್ಕಂಡು ಮಕ್ಕಳ ರೈಲಲ್ಲಿ ಕೂರಕಾಯ್ತದೇನಪ್ಪ? ನಮ್ಮೂರೋರೆಲ್ಲ ಇದ ನೋಡ್ತಾರೆ," ಎಂದರು ಪರಮಶಿವಯ್ಯ. "ಅಲ್ಲಿ ನಿಂತದಲ್ಲ, ಆ ಕಂಬ."

ಪುಟ್ಟರಾಜು ಜೇಬಿನ ನಿಂಬೆಹಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡ. ಆದರೆ ದೇವರಾಜ್ ಅಡ್ಡ ಬಂದ. ಬೋರ್ಡು ತೋರಿಸಿ, ಈ ವಯಸ್ಸಿನವರನ್ನು ಹತ್ತಿಸಿದರೆ ನನ್ನ ಕೆಲಸ ಹೋಗುತ್ತದೆ, ಮ್ಯಾನೇಜರೇ ಹೇಳಿದರೂ ಆಗದು ಎಂದ. ಶಶಿಕಿರಣ್ ಹೌದೆಂದು ತಲೆಯಾಡಿಸಿದ. ಪುಟ್ಟರಾಜುವಿಗೆ ದೇವರಾಜ್‌ನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಿತ್ತು, ಇರಲಿಲ್ಲ. ಅದು ನೇರವಾಗಿ ಮೀಸೆಗೆ ಹೋಗಿ ಸೇರಿತು. ಅವನು ಎರಡೂ ತುದಿ ಹುರಿ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನೀವು ಬಂದಿದ್ರೆ ಒಂದಲ್ಲ, ಎರಡು ಸಲ ಓಗ್ತಿದ್ದೆ ಯಜಮಾನ್ರೆ. ನಂಗೇನು. ಏನ್ಮಾಡದು, ರೂಲ್ಸು."

ಪರಮಶಿವಯ್ಯನವರು ಪೇಟ ಸರಿಮಾಡಿಕೊಂಡರು.

"ರೂಲ್ಸು ನಂಗೆ ತಾನೆ," ಎಂದರು. "ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಬತ್ತೀನಿ ಅಂತ ಹರಕೆ ಹೊತ್ಕಂಡಿದ್ದೆ. ಮಂಡಿ ಕೇಳ್ನಿಲ್ಲ. ನನ್ನ ಹೆಸರಲ್ಲಿ ಮಗ ಹತ್ತಿ ಬಂದ, ಹರಕೆ ತೀರ್ತು. ಇದೂ ಅಂಗೇಯ. ಇವನು ತನ್ನ ಪಾಲಿಗೆ ಒಂದ್ಸಲ, ನನ್ನ ಹೆಸರಲ್ಲಿ ಒಂದ್ಸಲ ಓಗಿ ಬರ್ಲಿ. ಎರಡು ಸಲ ಅಂತ ಅವನೇ ಅಂದವ್ನೆ."

ಜನಕ್ಕೆ ಇದು ನೂರಕ್ಕೆ ನೂರು ಸರಿ ಕಂಡಿತು. ತಾತನ ಮುಡಿ ಮೊಮ್ಮಗ ಕೊಟ್ಟದ್ದು, ಅತ್ತೆಯ ಉರುಳುಸೇವೆ ಸೊಸೆ ಮಾಡಿದ್ದು, ಎಲ್ಲರ ಮನೆಯಲ್ಲೂ ಒಂದೊಂದು ಇದ್ದೇ ಇತ್ತು. ಶಶಿಕಿರಣ್‌ನ ಕಣ್ಣು ಮಿನುಗಿತು. ಇಂಥ ಮರ್ಯಾದೆ ತಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ ಎಂದ. ಪುಟ್ಟರಾಜುವಿಗೆ ಬಾಯಿ ಬರಲಿಲ್ಲ. ಆ ಮೌನವನ್ನು ಎಲ್ಲರೂ ಧೈರ್ಯ ಎಂದುಕೊಂಡರು.

ದೇವರಾಜ್ ಬೆಲ್ಟು ಬಿಗಿದ. ಪಕ್ಕದ ಖಾಲಿ ಕುರ್ಚಿಯಲ್ಲಿ ಪರಮಶಿವಯ್ಯನವರ ಶಲ್ಯವನ್ನು ಕಟ್ಟಿದರು. ಕುರ್ಚಿ ಏಳತೊಡಗಿತು. ಕಾಲ ಕೆಳಗೆ ನೆಲ ಜಾರಿ ಹೋದದ್ದು ಕಣ್ಣು ಮುಚ್ಚಿದ್ದರೂ ಅಂಗಾಲಿಗೆ ಗೊತ್ತಾಯಿತು. ಗಾಳಿ ತಣ್ಣಗಾಯಿತು, ನಾಗಸ್ವರ ಸಣ್ಣದಾಯಿತು. ತುದಿಯಲ್ಲಿ ಕುರ್ಚಿ ನಿಂತಾಗ ಅವನಿಗೆ ಅನಸೂಯಮ್ಮನ ನೆನಪಾಗಿ ಅಳು ಬಂತು. ಹೊಳೆನರಸೀಪುರದ ನರಸಿಂಹಸ್ವಾಮಿಗೆ ಅವನು ಹರಕೆ ಹೊರಲು ಬಾಯಿ ತೆರೆಯುವಷ್ಟರಲ್ಲಿ ಕಂಬ ಕೈಬಿಟ್ಟಿತು. ಹರಕೆ ಮೇಲೆಯೇ ಉಳಿಯಿತು, ಪುಟ್ಟರಾಜು ಕೆಳಗೆ ಬಂದ. ಮೀಸೆ ಎದ್ದು ಕಣ್ಣಿಗೆ ಚುಚ್ಚಿಕೊಂಡಿತ್ತು. ಜೇಬಿನ ನಿಂಬೆಹಣ್ಣು ಅವನ ಮುಷ್ಟಿಯಲ್ಲಿ ರಸವಾಗಿತ್ತು.

ಬೆಲ್ಟು ಬಿಚ್ಚುವ ಹಾಗಿರಲಿಲ್ಲ. ಇನ್ನೊಂದು ಸಲ ಬಾಕಿ ಇತ್ತಲ್ಲ. ಉಸಿರು ಹುಡುಕಿಕೊಳ್ಳುತ್ತಿದ್ದ ಅವನ ಮುಂದೆ, ಕಟಕಟೆಯಾಚೆ, ಮಾನ್ಯ ಬಂದು ನಿಂತಿದ್ದಳು.

"ಮಾಮ, ನಾನೇ ಫಸ್ಟ್ ಇದ್ದಿದ್ರೆ ನಾವಿಬ್ರೂ ಬಿಳೀ ಕುದುರೆ ಮೇಲೆ ಕೂರ್ತಿದ್ವಿ," ಎಂದಳು.

ಸುತ್ತುವ ಮರದ ಕುದುರೆಗಳವು. ಸ್ಟೂಲಿಗಿಂತ ಸ್ವಲ್ಪವೇ ಎತ್ತರ. ರಜನೀಶ್ ನಾಚಿಕೊಂಡು, ಬೆಳಿಗ್ಗೆಯಿಂದ ಅದನ್ನೇ ಜಪಿಸುತ್ತಿದ್ದಾಳೆ ಎಂದ. ಆಮೇಲೆ ದನಿ ತಗ್ಗಿಸಿ, ನಂಗಂತೂ ಎತ್ತರ ಅಂದ್ರೆ ಆಗಲ್ಲ ಅಣ್ಣ, ಫೋಟೋ ತೆಗೆಯೋದಕ್ಕಷ್ಟೇ ಧೈರ್ಯ, ನಿಮ್ಮಂಥೋರನ್ನ ನೋಡಿದ್ರೆ ಕೈ ಮುಗೀಬೇಕು ಅನ್ನಿಸ್ತದೆ ಎಂದು ನಿಜವಾಗಿಯೂ ಕೈ ಮುಗಿದ. ಪುಟ್ಟರಾಜು ಏನೋ ಹೇಳಲು ಹೊರಟ. ಅಷ್ಟರಲ್ಲಿ ಕುರ್ಚಿ ಮತ್ತೆ ಎದ್ದಿತು.

ಎರಡನೆಯ ಸಲ ಕೆಳಗೆ ಬಂದವನನ್ನು ಇಬ್ಬರು ಹಿಡಿದು ತಂದು ಹೊಂಗೆ ಮರದ ಕೆಳಗಿನ ಕುರ್ಚಿಯಲ್ಲಿ ಕೂರಿಸಿದರು. ಕೈಕಾಲು ಯಾರದ್ದೋ ಅನ್ನಿಸುತ್ತಿತ್ತು. ಶಶಿಕಿರಣ್ ಮೈಕು ಹಿಡಿದು, ನಾಳೆಯಿಂದ ಮೊದಲ ಅತಿಥಿಯ ಜಾಗ ಹಿರಿಯರಿಗೇ ಮೀಸಲು, ಅವರ ಹೆಸರಿನಲ್ಲಿ ನಮ್ಮ ಯಜಮಾನರು ಕಂಬ ಏರುತ್ತಾರೆ ಎಂದು ಸಾರುತ್ತಿದ್ದ. ಚಪ್ಪಾಳೆ ಬಿತ್ತು. ಪುಟ್ಟರಾಜು ಮೆಲ್ಲಗೆ ಕೈಯೆತ್ತಿ ಮೀಸೆ ಮುಟ್ಟಿಕೊಂಡ. ಮನಸ್ಸು ಗಟ್ಟಿಯಾಯಿತು. ಡ್ಯೂಟಿ ಮುಗಿದ ತಕ್ಷಣ ನೇರ ಕ್ಷೌರದಂಗಡಿಗೆ. ನುಣ್ಣಗೆ ಬೋಳಿಸಿಬಿಟ್ಟರೆ ನಾಳೆ ಬರುವ ಮುದುಕರಿಗೆ ಯಜಮಾನ ಯಾರೆಂದು ಗುರುತೇ ಸಿಗುವುದಿಲ್ಲ.

ಪಕ್ಕದಲ್ಲಿ ಪೇಟ ತೆಗೆಯದೆಯೇ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಿದ್ದ ಪರಮಶಿವಯ್ಯನವರು ಫೋನಿನಲ್ಲಿ ಸೊಸೈಟಿಯ ಹಳೆಯ ಗೆಳೆಯನ ಜೊತೆ ಮಾತಾಡುತ್ತಿದ್ದರು.

"ತಿಮ್ಮಪ್ಪನ್ನೂ ಕರ್ಕಂಡು ಬಾ ಮಂಚಯ್ಯ, ದಿನಾ ಒಬ್ಬೊಬ್ರು ಮುಂದೆ ನಿಲ್ಲಾನ. ನಾವು ಹೆಸರು ಹೇಳಿದ್ರಾಯ್ತು, ಮಿಕ್ಕಿದ್ದು ಅವನು ನೋಡ್ಕತಾನೆ. ಗುರುತಾ? ಗುರುತು ಯಾಕಪ್ಪ, ನಮ್ಮನೇಲೇ ಬಾಡಿಗೆಗಿರದು. ಬೆಳಗ್ಗೆ ನಾನೇ ಎಬ್ಬಿಸ್ಕಂಡು ಬತ್ತೀನಿ."